ಹವಳಕ್ಕೆ ಹತ್ತಿದ ಹುಳು

ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಕೆಂಪು ದಾಸವಾಳದ ಗಿಡವುಂಟು. ಅದರ ಎಲೆ ಮುದುರಿ, ಮೊಗ್ಗು ಅರಳುವ ಮೊದಲೇ ಉದುರತೊಡಗಿದಾಗಲೆಲ್ಲ ನಾನು ಮಾಡುವ ಮೊದಲ ಕೆಲಸವೆಂದರೆ ಗೊಬ್ಬರ ತಂದು ಬುಡಕ್ಕೆ ಸುರಿಯುವುದು. ನನ್ನಾಕೆ ಮಾಡುವ ಮೊದಲ ಕೆಲಸ ಎಲೆಯನ್ನು ಮಗುಚಿ ನೋಡುವುದು. ಬಹುಪಾಲು ಎಲೆಯ ಅಡಿಯಲ್ಲಿ ಹಿಟ್ಟು ಚಿಮುಕಿಸಿದಂತೆ ಬಿಳಿ ಹುಳು ಕುಳಿತಿರುತ್ತದೆ. ನನ್ನ ಗೊಬ್ಬರದ ಹಣ ದಂಡವಾಗಿರುತ್ತದೆ. ಇದೇ ಕಥೆ ಸಮುದ್ರಗಳಾಚೆ ಒಂದು ಗಾಜಿನ ತೊಟ್ಟಿಯೊಳಗೆ ಬೇರೊಂದು ವೇಷದಲ್ಲಿ ನಡೆದುದನ್ನು ಕಣ್ಣಾರೆ ಕಂಡುಬಂದಿದ್ದೇನೆ. ಈ ವಾರ ಅದನ್ನೇ ವಾಚಕರ ಮುಂದಿಡುವೆನು.

ಕಳೆದ ವರ್ಷ ಆರು ತಿಂಗಳು ನಾವಿಬ್ಬರೂ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆವು. ನಮ್ಮ ಅಳಿಯಂದಿರಿಗೆ ಹವಳ ಸಾಕುವ ಹುಚ್ಚು. ನಡುಮನೆಯ ಗೋಡೆಗೆ ಒತ್ತಿ ಐದಡಿ ಉದ್ದದ ತೊಟ್ಟಿ. ಅದರ ತುಂಬ ಉಪ್ಪುನೀರು. ಮೇಲೆ ನೀಲಿ ಬೆಳಕು. ಒಳಗೆ ಜಿಂಕೆಯ ಕೊಂಬಿನಂತೆ ಕವಲೊಡೆದ ಹಸಿರು, ನೇರಳೆ, ನಸುಗೆಂಪು ಹವಳಗಳು. ಹವಳವೆಂದೊಡನೆ ನಮ್ಮ ಹೆಂಗಸರಿಗೆ ನೆನಪಾಗುವುದು ಕೊರಳಿನ ಸರದ ಕೆಂಪು ಮಣಿ. ಅದು ಮೆಡಿಟರೇನಿಯನ್ ಕಡೆಯ ಬೇರೊಂದು ಜಾತಿ. ಇಲ್ಲಿ ಹೇಳುತ್ತಿರುವುದು ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳದ ಮಾತು.

ಕಲ್ಲಿನಂತೆ ಕಂಡರೂ ಹವಳವು ಪ್ರಾಣಿ. ಒಂದೊಂದು ಕೊಂಬಿನ ಮೇಲೂ ಪಾಲಿಪ್ ಎಂಬ ಸೂಕ್ಷ್ಮ ಜೀವಿಗಳು ನೂರಾರು ಒತ್ತೊತ್ತಾಗಿ ಬಾಳುತ್ತವೆ. ತಮ್ಮ ಅಡಿಯಲ್ಲಿ ಸುಣ್ಣವನ್ನು ಶೇಖರಿಸಿ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಕಂದು ಪಾಚಿ ಮನೆಮಾಡಿಕೊಂಡಿದೆ. ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಯಜಮಾನನಿಗೆ ಬಾಡಿಗೆಯ ರೂಪದಲ್ಲಿ ಕೊಡುತ್ತದೆ. ಆದುದರಿಂದ ಹವಳಕ್ಕೆ ನೀರೂ ಬೆಳಕೂ ಎರಡೂ ಹದವಾಗಿರಬೇಕು. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಸುತ್ತ, ಉಷ್ಣತೆ 25 ಅಥವಾ 26 ಡಿಗ್ರಿ ಸೆಲ್ಸಿಯಸ್, ಒಂದು ಲೀಟರಿನಲ್ಲಿ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ: ಹೀಗೆ ಅಳಿಯಂದಿರು ಒಂದು ಪುಸ್ತಕದಲ್ಲಿ ದಿನದಿನದ ಲೆಕ್ಕವನ್ನು ಬರೆದಿಡುತ್ತಿದ್ದರು. ಮನೆಯ ಹಾಲಿನ ಲೆಕ್ಕವನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ಬರೆಯಲಾರರು.

ಆ ತೊಟ್ಟಿಯ ನಡುವೆ ನೀಲಿ ತುದಿಯ ಒಂದು ಕೊಂಬು ಹವಳವಿತ್ತು. ಒಂಬತ್ತು ವರ್ಷಗಳ ಹಿಂದೆ ಮೊಮ್ಮಗಳು ಹುಟ್ಟಿದಾಗ ಅಳಿಯಂದಿರ ಸ್ನೇಹಿತರೊಬ್ಬರು ತಮ್ಮ ತೊಟ್ಟಿಯಿಂದ ಬೆರಳುದ್ದದ ತುಂಡೊಂದನ್ನು ಮುರಿದು ಕೊಟ್ಟಿದ್ದರಂತೆ. ಕೊಂಬು ಹವಳವನ್ನು ಹೀಗೆ ಮುರಿದು ನೆಟ್ಟರೆ ಕಣಗಿಲೆಯ ಕಡ್ಡಿಯಂತೆ ಮತ್ತೆ ಚಿಗುರುತ್ತದೆ. ಈಗ ಅದು ಎರಡು ಅಂಗೈಯಗಲ ಬೆಳೆದಿತ್ತು. ಎರಡು ವರ್ಷಗಳ ಹಿಂದೆ ಹಿಮದ ಬಿರುಗಾಳಿಯಲ್ಲಿ ಆ ಸ್ನೇಹಿತರ ಮನೆಯಲ್ಲಿ ವಿದ್ಯುತ್ತು ನಿಂತು, ಅವರ ಹವಳಗಳೆಲ್ಲವೂ ಸತ್ತುಹೋದವು. ನೀಲಿ ಕೊಂಬಿನ ವಂಶ ಉಳಿದದ್ದು ನಮ್ಮ ಅಳಿಯಂದಿರ ತೊಟ್ಟಿಯಲ್ಲಿ ಮಾತ್ರ. ಸ್ನೇಹಿತರು ಹೊಸದಾಗಿ ತೊಟ್ಟಿ ಕಟ್ಟಿದಾಗ, ನವರಾತ್ರಿಯಲ್ಲಿ ಬೊಂಬೆ ನೋಡಲು ಸಂಸಾರಸಮೇತ ಬಂದ ಅವರಿಗೆ ಅಳಿಯಂದಿರು ತಾಂಬೂಲದೊಡನೆ ಆ ನೀಲಿ ಕೊಂಬಿನ ಒಂದು ತುಂಡನ್ನೂ ಕೊಟ್ಟು ಕಳುಹಿಸಿದರು. ಕೊಟ್ಟವರಿಗೂ ಪಡೆದವರಿಗೂ ಅಂದು ಆದ ಸಂತೋಷವನ್ನು ನಾನು ನೋಡಿದ್ದೇನೆ.

ನವೆಂಬರ್ ತಿಂಗಳ ಕೊನೆಗೆ ಹವಳಗಳ ಬಣ್ಣ ಕುಂದತೊಡಗಿತು. ಮೊದಲು ಒಂದು ಹಸಿರು ಹವಳ ಮಂಕಾಯಿತು. ಪಾಲಿಪ್‍ಗಳು ಹೊರಗೆ ತಲೆಹಾಕುವುದನ್ನು ನಿಲ್ಲಿಸಿದವು. ಬಳಿಕ ನೀಲಿ ಕೊಂಬಿನ ಬುಡದಲ್ಲಿ ಬಿಳಿಯ ಎಲುಬು ಇಣುಕಿತು. ಅಳಿಯಂದಿರು ನೀರನ್ನು ಅಳೆದರು. ಕ್ಷಾರ ಕಡಮೆಯೆಂದು ಸೋಡಾ ಬೆರೆಸಿದರು. ಮರುದಿನ ಹೆಚ್ಚಾಯಿತೆಂದು ನೀರು ಬದಲಿಸಿದರು. ಬೆಳಕು ತೀಕ್ಷ್ಣವಾಯಿತೆಂದು ತಗ್ಗಿಸಿದರು, ಸಾಲದೆಂದು ಏರಿಸಿದರು. ಹವಳಕ್ಕೆಂದು ಮಾರುವ ಟಾನಿಕ್ ಒಂದನ್ನು ತರಿಸಿ ಹಾಕಿದರು. ಮೂರು ವಾರ ಹೀಗೆಯೇ ಕಳೆಯಿತು. ಪುಸ್ತಕದಲ್ಲಿ ಅಂಕಿಗಳು ತುಂಬಿದವು, ತೊಟ್ಟಿಯಲ್ಲಿ ಎರಡು ಹವಳಗಳು ಸತ್ತವು.

ಒಂದು ರಾತ್ರಿ ಊಟವಾದ ಮೇಲೆ ಅವರು ತಲೆಗೆ ಕೈಹಚ್ಚಿ ತೊಟ್ಟಿಯ ಮುಂದೆ ಕುಳಿತಿದ್ದುದನ್ನು ನನ್ನಾಕೆ ನೋಡಿದಳು. ಅವಳಿಗೆ ಹವಳದ ವಿಷಯ ಏನೇನೂ ತಿಳಿಯದು. ಆದರೂ ಕೇಳಿಯೇಬಿಟ್ಟಳು: “ಇಷ್ಟು ದಿನ ಎಲ್ಲ ಅಳೆದಿರಿ, ಎಲ್ಲ ಹಾಕಿದಿರಿ. ಒಂದು ಸಲ ಮಗುಚಿ ನೋಡಿದಿರಾ?”

ಅಳಿಯಂದಿರು ನಕ್ಕುಬಿಡಬಹುದೆಂದು ನನಗೆ ಅಂಜಿಕೆಯಾಗಿತ್ತು. ಅವರು ನಗಲಿಲ್ಲ. ಅಡಿಗೆಮನೆಯಿಂದ ಬಿಳಿಯ ಪಿಂಗಾಣಿ ಬೋಗುಣಿಯನ್ನು ತರಿಸಿ, ತೊಟ್ಟಿಯ ನೀರನ್ನೇ ಅದಕ್ಕೆ ತುಂಬಿ, ಒಂದು ಹವಳವನ್ನು ಮೆಲ್ಲನೆ ಎತ್ತಿ ಅದರೊಳಗಿಟ್ಟರು. ರಬ್ಬರ್ ಬುರುಡೆಯ ಪಿಚಕಾರಿಯಿಂದ ಕವಲುಗಳ ಸಂದಿಗೆ ರಭಸವಾಗಿ ನೀರು ಚಿಮ್ಮಿಸಿದರು. ಮೊಮ್ಮಗಳು ಶಾಲೆಯ ಭೂತಗನ್ನಡಿಯನ್ನು ಹಿಡಿದು ಬೋಗುಣಿಯ ಮೇಲೆ ಬಗ್ಗಿದ್ದಳು. “ತಾತ, ಹವಳದ ಚೂರು ಓಡಾಡುತ್ತಿದೆ!” ಎಂದು ಕೂಗಿದಳು.

ಅದು ಹವಳದ ಚೂರಲ್ಲ, ಚಪ್ಪಟೆ ಹುಳು. ಉಗುರಿನ ಅರ್ಧದಷ್ಟೂ ಇಲ್ಲ, ಕಾಗದದಂತೆ ತೆಳು, ಮೈ ಬಹುಮಟ್ಟಿಗೆ ಪಾರದರ್ಶಕ. ತಾನು ತಿಂದ ಹವಳದ ಪಾಚಿಯನ್ನೇ ಹೊಟ್ಟೆಯಲ್ಲಿ ತುಂಬಿಕೊಂಡು, ಹವಳದ ಬಣ್ಣವನ್ನೇ ತಾಳಿ ಅದರ ಮೇಲೆ ಅಂಟಿಕೊಂಡಿರುತ್ತದೆ. ಆ ಬೋಗುಣಿಯ ಬಿಳುಪಿನ ಮೇಲೆ ಬೀಳದಿದ್ದರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಆ ಒಂದು ಹವಳದಿಂದಲೇ ಹನ್ನೊಂದು ಹುಳುಗಳು ಉದುರಿದವು.

ಈ ಹುಳುವಿನ ಚರಿತ್ರೆಯೂ ವಿಚಿತ್ರವಾಗಿದೆ. ಹವಳ ಸಾಕುವವರು ಇದರ ಕಾಟವನ್ನು ಬಹಳ ವರ್ಷ ಅನುಭವಿಸಿದ ಬಳಿಕವೇ, 2011ರಲ್ಲಿ ವಿಜ್ಞಾನಿಗಳು ತೊಟ್ಟಿಯಲ್ಲಿ ಸಿಕ್ಕ ಹುಳುಗಳನ್ನು ಪರೀಕ್ಷಿಸಿ ಅದಕ್ಕೆ ಹೆಸರಿಟ್ಟರು. ಕಡಲಿನಲ್ಲಿ ಅದರ ಇರುವಿಕೆ ಮೊದಲು ವರದಿಯಾದದ್ದು 2012ರಲ್ಲಿ, ಆಸ್ಟ್ರೇಲಿಯದ ಮಹಾ ಹವಳದಿಬ್ಬದಿಂದ. ಮನೆಯ ತೊಟ್ಟಿಯಲ್ಲಿ ಅದನ್ನು ಹೆಕ್ಕಿ ತಿನ್ನುವವರು ವಿರಳ, ಊಟವೋ ಸಮೃದ್ಧ. ಕೆಲವೇ ತಿಂಗಳುಗಳಲ್ಲಿ ತೊಟ್ಟಿಯ ಕೊಂಬು ಹವಳಗಳನ್ನೆಲ್ಲ ಮುಗಿಸಿಬಿಡಬಲ್ಲುದು.

ರೋಗವನ್ನು ಗುರುತಿಸುವ ಬಗೆ ಯಾವುದು? ಅಳಿಯಂದಿರು ಆಮೇಲೆ ನನಗೆ ವಿವರಿಸಿದ್ದನ್ನು ಸಂಗ್ರಹಿಸಿ ಹೇಳುತ್ತೇನೆ. ಹವಳದ ಇಡೀ ಮೈ ಒಂದೇ ಸಮನೆ ಬೆಳ್ಳಗಾಗಿ, ಆದರೆ ಮೇಲಿನ ಮಾಂಸ ಇನ್ನೂ ಇದ್ದರೆ, ಸಾಮಾನ್ಯವಾಗಿ ಬಿಸಿಯ ಅಥವಾ ಬೆಳಕಿನ ದೋಷ; ಒಳಗಿನ ಪಾಚಿ ಮನೆ ಬಿಟ್ಟು ಹೋಗಿದೆಯೆಂದು ಅರ್ಥ. ಕವಲುಗಳ ತುದಿ ಸುಟ್ಟಂತಾದರೆ ನೀರಿನ ಕ್ಷಾರದ ಏರುಪೇರನ್ನು ಶಂಕಿಸಬೇಕು. ಇವೆರಡೂ ಅಲ್ಲದೆ, ನೆರಳಿನಲ್ಲಿರುವ ಬುಡದಲ್ಲಿ, ಕವಲುಗಳ ಅಡಿಯಲ್ಲಿ, ಗುಂಡಗಿನ ಸಣ್ಣ ಸಣ್ಣ ಮಾಸಲು ಚುಕ್ಕೆಗಳು ಕಂಡರೆ ಅವು ಹಲ್ಲಿಲ್ಲದ ಬಾಯಿಯ ಗುರುತುಗಳು. ಚಪ್ಪಟೆ ಹುಳು ಮೇಯ್ದ ಜಾಗ. ಅಲ್ಲೇ ಪಕ್ಕದ ಬರಿಯ ಸುಣ್ಣದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಹೊಂಗಂದು ಬಣ್ಣದ ಮೊಟ್ಟೆಗಳ ಗುಂಪು ಸಿಕ್ಕುತ್ತದೆ. ಮೊಟ್ಟೆ ಸಿಕ್ಕಿತೆಂದರೆ ಸಂಶಯಕ್ಕೆ ಎಡೆಯಿಲ್ಲ.

ಇನ್ನೂ ಕೆಲವು ಶತ್ರುಗಳುಂಟು. ಕೊಂಬು ಹವಳದ ಮೇಲೆ ಅರ್ಧ ಮಿಲಿಮೀಟರಿನಷ್ಟಿರುವ, ಕೆಂಪು ಚುಕ್ಕೆಯ ಹಳದಿ ಜೀವಿಗಳು ಹರಿದಾಡುವುದುಂಟು. ಕೆಂಪು ತಿಗಣೆಯೆಂದು ಕರೆದರೂ ಇದು ಸೀಗಡಿಯ ದೂರದ ಸಂಬಂಧಿ. ಹವಳವನ್ನು ಥಟ್ಟನೆ ಕೊಲ್ಲುವುದಿಲ್ಲ. ಅದರ ಬಣ್ಣವನ್ನೂ ಬೆಳವಣಿಗೆಯನ್ನೂ ಹೀರುತ್ತದೆ. ತಟ್ಟೆಯಂತೆ ಹರಡುವ ಇನ್ನೊಂದು ಬಗೆಯ ಹವಳಕ್ಕೆ ಚಿಪ್ಪಿಲ್ಲದ ಪುಟ್ಟ ಬಿಳಿಯ ಬಸವನಹುಳು ಹತ್ತುತ್ತದೆ. ಹಗಲೆಲ್ಲ ತಟ್ಟೆಯ ಅಡಿಯಲ್ಲಿ ಅವಿತಿದ್ದು, ಅಂಚಿನಿಂದ ಮೇಯುತ್ತ ಬರುತ್ತದೆ. ಇದನ್ನು ಹಿಡಿಯಲು ರಾತ್ರಿ ದೀಪವಾರಿದ ಮೇಲೆ ಟಾರ್ಚು ಹಿಡಿದು ಕಾಯಬೇಕು. ಮೂರನೆಯದು ಏಪ್ಟೇಸಿಯ ಎಂಬ ಕಂದು ಕಡಲಹೂ. ನೋಡಲು ಸೊಗಸಾದರೂ ಅಕ್ಕಪಕ್ಕದ ಹವಳವನ್ನು ಕುಟುಕಿ ಸುಡುತ್ತದೆ. ಇದನ್ನು ಕಿತ್ತೆಸೆಯಲು ಹೋದವರು ಕೆಡುತ್ತಾರೆ. ಉಳಿದ ಒಂದೊಂದು ಚೂರೂ ಹೊಸ ಗಿಡವಾಗಿ ಏಳುತ್ತದೆ.

ಶತ್ರು ಬೇರೆಯಾದರೆ ಮದ್ದೂ ಬೇರೆ. ಕೆಂಪು ತಿಗಣೆಗೆ ನಾಯಿಗಳ ಹೃದಯದ ಹುಳುವಿಗೆ ಕೊಡುವ ಮಿಲ್ಬಿಮೈಸಿನ್ ಎಂಬ ಔಷಧವನ್ನು ಪಶುವೈದ್ಯರ ಚೀಟಿಯ ಮೇಲೆ ಪಡೆದು ಹಾಕುವವರುಂಟು. ಅದು ತೊಟ್ಟಿಯ ಸೀಗಡಿ ಏಡಿಗಳನ್ನೂ ಕೊಲ್ಲುವುದರಿಂದ ಅವನ್ನು ಮೊದಲೇ ಬೇರೆಡೆಗೆ ಒಯ್ಯಬೇಕು. ಏಪ್ಟೇಸಿಯಕ್ಕೆ ಅದನ್ನೇ ತಿನ್ನುವ ಒಂದು ಜಾತಿಯ ಸೀಗಡಿಯನ್ನು ಬಿಡುತ್ತಾರೆ. ಇಲ್ಲವೆ ಸುಣ್ಣದ ಸರಿಯನ್ನು ಅದರ ಬಾಯಿಯ ಮೇಲೆ ಸುರಿಯುತ್ತಾರೆ. ಚಪ್ಪಟೆ ಹುಳುವಿಗೂ ಬಿಳಿಯ ಬಸವನಹುಳುವಿಗೂ ಹವಳವನ್ನು ಹೊರತೆಗೆದು ಮದ್ದಿನ ನೀರಿನಲ್ಲಿ ಅದ್ದುವುದೊಂದೇ ಮುಖ್ಯ ದಾರಿ. ರಾಸ್ ಎಂಬ ಜಾತಿಯ ಕೆಲವು ಮೀನುಗಳು ಹುಳುಗಳನ್ನು ಹೆಕ್ಕಿ ತಿನ್ನುವುದು ನಿಜ. ಆದರೆ ಅವು ಸಂಖ್ಯೆಯನ್ನು ತಗ್ಗಿಸಬಲ್ಲವೇ ಹೊರತು ವಂಶವನ್ನು ಅಳಿಸಲಾರವು.

ಅಂದಿನಿಂದ ಆ ಮನೆಯಲ್ಲಿ ಪ್ರತಿ ಶನಿವಾರ ಹವಳಗಳ ಅಭ್ಯಂಜನ ನಡೆಯಿತು. ಮೂರು ಬಕೆಟ್ಟುಗಳು. ಮೊದಲನೆಯದರಲ್ಲಿ ತೊಟ್ಟಿಯ ನೀರಿಗೆ ಹವಳಕ್ಕಾಗಿಯೇ ತಯಾರಿಸಿದ ಅಯೋಡಿನ್ ದ್ರಾವಣವನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸುವುದು. ಹತ್ತು ನಿಮಿಷ ಅದ್ದಿಟ್ಟು ಪಿಚಕಾರಿಯಿಂದ ಚಿಮ್ಮಿಸುತ್ತಿರುವುದು. ಎರಡನೆಯ ಮತ್ತು ಮೂರನೆಯ ಬಕೆಟ್ಟಿನ ಶುದ್ಧ ಉಪ್ಪುನೀರಿನಲ್ಲಿ ಒಂದಾದ ಮೇಲೊಂದರಂತೆ ತೊಳೆಯುವುದು. ಮದ್ದಿನ ನೀರು ಮರಳಿ ತೊಟ್ಟಿಗೆ ಒಂದು ತೊಟ್ಟೂ ಬೀಳಬಾರದು. ತೋಟದ ಕೀಟನಾಶಕವನ್ನು ಬಳಸುವವರೂ ಇದ್ದಾರಂತೆ. ಮಕ್ಕಳಿರುವ ಮನೆಯಲ್ಲಿ, ಆ ಕೆಲಸಕ್ಕೆಂದು ಮಾಡದ ವಿಷವನ್ನು ಬಕೆಟ್ಟಿನಲ್ಲಿ ಕದಡುವುದು ನಮ್ಮ ಅಳಿಯಂದಿರಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಅದೇ ಸರಿಯೆಂದು ತೋರಿತು.

ಆದರೆ ಈ ಸ್ನಾನದಿಂದ ಸಾಯುವುದು ಹುಳು ಮಾತ್ರ. ಮೊಟ್ಟೆಗೆ ಏನೂ ಆಗದು. ಅನೇಕರು ಸೋಲುವುದು ಇಲ್ಲಿಯೇ. ಒಂದು ಸಲ ಅದ್ದಿ, ಹುಳು ಉದುರಿದ್ದನ್ನು ಕಂಡು, ಗೆದ್ದೆವೆಂದು ಕುಳಿತುಬಿಡುತ್ತಾರೆ. ನೀರು ಬೆಚ್ಚಗಿದ್ದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ. ಒಂದರಿಂದ ಮೂರು ವಾರಗಳೊಳಗೆ ಹೊಸ ಸಂತಾನ ಹೊರಬಂದು ಮೇಯತೊಡಗುತ್ತದೆ. ಆದುದರಿಂದ ಸ್ನಾನವನ್ನು ವಾರಕ್ಕೊಮ್ಮೆಯಂತೆ ಆರು ವಾರವಾದರೂ ನಡೆಸಬೇಕು. ಹೊಸ ಹುಳು ಮೊಟ್ಟೆಯಿಡುವಷ್ಟು ದೊಡ್ಡದಾಗುವ ಮೊದಲೇ ಅದನ್ನು ಉದುರಿಸಬೇಕು. ಜೊತೆಗೆ ಕಂಡ ಮೊಟ್ಟೆಗಳನ್ನೆಲ್ಲ ಚೂರಿಯ ಮೊನೆಯಿಂದ ಕೆರೆದು ತೆಗೆಯಬೇಕು. ಬುಡ ಪೂರ್ತಿ ಸತ್ತಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು, ಜೀವವಿರುವ ಕವಲನ್ನು ಕತ್ತರಿಸಿ ಹೊಸ ಪೀಠಕ್ಕೆ ಅಂಟಿಸಿ, ಹಳೆಯ ಬುಡವನ್ನು ಎಸೆದುಬಿಡಬೇಕು. ಒಂಬತ್ತು ವರ್ಷ ಬೆಳೆದ ನೀಲಿ ಕೊಂಬಿನ ಬುಡವನ್ನು ಕತ್ತರಿಸುವಾಗ ಅಳಿಯಂದಿರ ಕೈ ನಡುಗಿತು. ಎರಡು ಅಂಗೈಯಗಲವಿದ್ದುದು ಐದು ಸಣ್ಣ ತುಂಡುಗಳಾಯಿತು.

ಇಷ್ಟರ ಮೇಲೆ, ಕೊಂಬು ಹವಳಗಳನ್ನೆಲ್ಲ ಬೆಳಕೂ ಬಿಸಿಯೂ ಇರುವ ಇನ್ನೊಂದು ಚಿಕ್ಕ ತೊಟ್ಟಿಗೆ ಸಾಗಿಸಿದರು. ಈ ಹುಳುವಿನ ಆಹಾರ ಕೊಂಬು ಹವಳವೊಂದೇ. ದೊಡ್ಡ ತೊಟ್ಟಿಯಲ್ಲಿ ಉಳಿದವು ಉಪವಾಸದಿಂದಲೇ ಸಾಯಲಿ ಎಂಬುದು ಉಪಾಯ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಈ ಕೆಲಸಕ್ಕೆ ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಗುಂಡಿಯಾಕಾರದ ಹೂಗಳಂತಿರುವ ಜೊವಾಂಥಿಡ್ ಎಂಬ ಜಾತಿಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರವಾದ ವಿಷವಿರುತ್ತದೆ. ಪೀಡೆಯನ್ನು ಕೊಲ್ಲಲೆಂದು ಅವು ಬೆಳೆದ ಕಲ್ಲನ್ನು ಒಲೆಯ ಮೇಲೆ ಕುದಿಸಿ, ಆ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಪಾಶ್ಚಾತ್ಯ ದೇಶಗಳಲ್ಲಿ ನಡೆದಿವೆ. ತೊಟ್ಟಿಯ ಕಲ್ಲನ್ನು ಎಂದೂ ಕುದಿಸಬಾರದು.

ಹುಳು ಬಂದದ್ದೆಲ್ಲಿಂದ? ಈ ಪ್ರಶ್ನೆಗೆ ಉತ್ತರ ಹೇಳುವಾಗ ಅಳಿಯಂದಿರ ಮುಖ ಸಣ್ಣದಾಯಿತು. ಹೊಸ ಹವಳವನ್ನು ತಂದರೆ ಮದ್ದಿನ ಸ್ನಾನ ಮಾಡಿಸಿ, ಹಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದ ಬಳಿಕವೇ ಒಳಗೆ ಬಿಡುವುದು ಅವರ ನಿಯಮವಾಗಿತ್ತು. ಆಗಸ್ಟಿನಲ್ಲಿ ನಾವು ಬರುವ ಎರಡು ದಿನ ಮೊದಲು ಒಂದು ನಸುಗೆಂಪು ಹವಳವನ್ನು ಕೊಂಡರಂತೆ. ಅತ್ತೆ ಮಾವ ಬಂದಾಗ ತೊಟ್ಟಿ ತುಂಬಿ ಕಾಣಲೆಂದು ಅದನ್ನು ಅಂದೇ ಒಳಗಿಟ್ಟರು. “ಈ ಬಣ್ಣವೇ ಚೆನ್ನ” ಎಂದು ನಾನು ಹೊಗಳಿದ್ದೂ ಅದನ್ನೇ.

ಅಷ್ಟರಲ್ಲಿ ಮಗಳು, ನಾವೆಲ್ಲ ಮರೆತಿದ್ದ ಮಾತನ್ನು ಎತ್ತಿದಳು. “ಬೊಂಬೆ ಹಬ್ಬಕ್ಕೆ ಕೊಟ್ಟ ತುಂಡು?”

ಯಾರೂ ಮಾತಾಡಲಿಲ್ಲ. ಆಗಸ್ಟಿನಲ್ಲಿ ಹುಳು ಬಂದಿತ್ತು. ಅಕ್ಟೋಬರಿನಲ್ಲಿ ತುಂಡನ್ನು ಕೊಟ್ಟಿದ್ದರು. ಒಮ್ಮೆ ಎಲ್ಲವನ್ನೂ ಕಳೆದುಕೊಂಡು, ಎರಡು ವರ್ಷದ ಮೇಲೆ ಹೊಸ ತೊಟ್ಟಿ ಕಟ್ಟಿದವರಿಗೆ ನಾವು ಉಡುಗೊರೆಯೊಡನೆ ಹುಳುವನ್ನೂ ಕಟ್ಟಿಕೊಟ್ಟಿದ್ದೆವೋ ಏನೋ! “ನಮ್ಮದು ಮೊದಲು ಸರಿಹೋಗಲಿ, ಆಮೇಲೆ ಹೇಳೋಣ. ಅವರಲ್ಲಿ ಏನೂ ಆಗಿರದಿದ್ದರೆ ಸುಮ್ಮನೆ ಗಾಬರಿಪಡಿಸಿದಂತಾಗುತ್ತದೆ” ಎಂದರು ಅಳಿಯಂದಿರು. ಅವರ ದನಿಯಲ್ಲಿದ್ದುದು ನಾಚಿಕೆಯೆಂದು ಎಲ್ಲರಿಗೂ ತಿಳಿದಿತ್ತು. ಮೊಟ್ಟೆ ಒಡೆಯುವ ಲೆಕ್ಕವನ್ನು ಅವರೇ ಆಗತಾನೆ ನಮಗೆ ಹೇಳಿದ್ದರು. ಕಾದ ಒಂದೊಂದು ವಾರವೂ ಅಲ್ಲಿ ಹೊಸ ಹುಳುಗಳ ವಾರ. ನಾನು ಅದನ್ನು ನೆನಪಿಸಬೇಕಾಗಲಿಲ್ಲ. ಹತ್ತು ನಿಮಿಷ ಸುಮ್ಮನೆ ಕುಳಿತಿದ್ದವರು ಎದ್ದು ಫೋನು ಮಾಡಿದರು. ಮಾಡಿದ ತಪ್ಪನ್ನೂ ಮಾಡಬೇಕಾದ ಪರೀಕ್ಷೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ. “ಈಗಲೇ ನೋಡುತ್ತೇನೆ” ಎಂದಷ್ಟೇ ಹೇಳಿ ಅವರು ಫೋನಿಟ್ಟರು. ಮಧ್ಯರಾತ್ರಿಯ ಹೊತ್ತಿಗೆ ಮರಳಿ ಕರೆ ಬಂದಿತು. ನಾವು ಕೊಟ್ಟ ತುಂಡಿನ ಪೀಠದಲ್ಲಿ ಮೊಟ್ಟೆಗಳಿದ್ದವು. ಪಕ್ಕದ ಒಂದು ಹವಳದಲ್ಲಿ ಮೂರು ಹುಳುಗಳು ಸಿಕ್ಕಿದವು. ಉಳಿದವುಗಳಲ್ಲಿ ಏನೂ ಕಾಣಲಿಲ್ಲ. ಮರುದಿನ ಬೆಳಗ್ಗೆ ಅವರೇ ನಮ್ಮ ಮನೆಗೆ ಬಂದು ಅಯೋಡಿನ್ ದ್ರಾವಣದ ಅರ್ಧ ಸೀಸೆಯನ್ನು ಕೇಳಿ ಒಯ್ದರು. ಹೋಗುವಾಗ ಅಳಿಯಂದಿರ ಬೆನ್ನು ತಟ್ಟಿ, “ಇನ್ನೊಂದು ತಿಂಗಳು ತಡವಾಗಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿತ್ತು” ಎಂದರು. ಅವರಿಗೆ ನಷ್ಟವಾದದ್ದು ಎರಡು ಹವಳ. ನಮ್ಮ ಅಳಿಯಂದಿರಿಗೆ ಹದಿನಾಲ್ಕರಲ್ಲಿ ಐದು.

ಇದನ್ನೋದಿ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಹವಳದ ತೊಟ್ಟಿ ಕಟ್ಟುವ ಉತ್ಸಾಹ ಯಾರಿಗಾದರೂ ಬಂದಿದ್ದರೆ ಒಂದು ಮಾತು. ಅಲ್ಲಿ ತೊಟ್ಟಿಯಲ್ಲಿಯೇ ಬೆಳೆಸಿದ ಹವಳದ ತುಂಡುಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ನಮ್ಮ ದೇಶದ ಸ್ಥಿತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಲಾಗಿದೆ. ಹುಲಿ, ಆನೆಗಳಿರುವ ಪಟ್ಟಿಯದು. ಕಡಲಿನಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳಲ್ಲಿರುವಂತೆ ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿಗೆ ಹೋದವರು ಕಣ್ತುಂಬ ನೋಡಿ ಬರಲಿ; ಕೈಯಲ್ಲಿ ಏನನ್ನೂ ತರದಿರಲಿ.

ಸಿಹಿನೀರಿನ ಮೀನಿನ ತೊಟ್ಟಿಗೆ ಮಾತ್ರ ಇಲ್ಲಿ ಅಡ್ಡಿಯಿಲ್ಲ. ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೂ ಇದೇ ನಿಯಮವು ಸಲ್ಲುತ್ತದೆ. ಹೊಸ ಮೀನನ್ನು ತಂದ ದಿನವೇ ಹಳೆಯವುಗಳೊಡನೆ ಬಿಡಬಾರದು. ಎರಡು ಮೂರು ವಾರ ಬೇರೊಂದು ಪಾತ್ರೆಯಲ್ಲಿಟ್ಟು, ಮೈಮೇಲೆ ರವೆಯಂತಹ ಬಿಳಿ ಚುಕ್ಕೆಗಳಿವೆಯೋ, ರೆಕ್ಕೆಯ ಬುಡದಲ್ಲಿ ದಾರದಂತಹ ಹುಳು ನೇತಾಡುತ್ತಿದೆಯೋ ಎಂದು ದಿನವೂ ನೋಡಬೇಕು. ಮೀನು ಮಂಕಾದರೆ ಅಂಗಡಿಯ ಮದ್ದಿಗೆ ಓಡುವ ಮೊದಲು ಒಂದು ಬಿಳಿಯ ಬೋಗುಣಿ, ಒಂದು ಭೂತಗನ್ನಡಿ, ಎಳೆಯ ಕಣ್ಣಿನ ಮೊಮ್ಮಕ್ಕಳು ಯಾರಾದರೂ ಇದ್ದರೆ ಅವರು, ಇಷ್ಟನ್ನು ಜೊತೆಮಾಡಿಕೊಳ್ಳಬಹುದು.

ಜನವರಿಯ ಕೊನೆಗೆ ನಾವು ಊರಿಗೆ ಹಿಂದಿರುಗಿದೆವು. ನಾವು ಹೊರಡುವ ಹೊತ್ತಿಗೆ ಆರು ಶನಿವಾರಗಳ ಸ್ನಾನ ಮುಗಿದಿತ್ತು. ಕೊನೆಯ ಎರಡರಲ್ಲಿ ಒಂದು ಹುಳುವೂ ಉದುರಿರಲಿಲ್ಲ. ಆದರೂ ಅಳಿಯಂದಿರು ಹವಳಗಳನ್ನು ದೊಡ್ಡ ತೊಟ್ಟಿಗೆ ಒಯ್ಯದೆ ಇನ್ನೂ ಕೆಲವು ವಾರ ಬೇರೆಯಾಗಿಯೇ ಇಟ್ಟರು. ಮೊಮ್ಮಗಳು ಶನಿವಾರ ಶನಿವಾರ ಫೋನು ಮಾಡಿ, “ತಾತ, ಇವತ್ತೂ ಬೋಗುಣಿಯಲ್ಲಿ ಏನೂ ಇಲ್ಲ” ಎಂದು ವರದಿ ಒಪ್ಪಿಸುತ್ತಿದ್ದಳು. ಹಿತ್ತಿಲಿನ ದಾಸವಾಳ ನಾವಿಲ್ಲದಾಗ ಸೊರಗಿಹೋಗಿತ್ತು. ಮೊದಲು ಎಲೆಯನ್ನು ಮಗುಚಿ ನೋಡಿದೆ. ಹುಳುವಿರಲಿಲ್ಲ, ನೀರು ಹಾಕುವವರಿರಲಿಲ್ಲ, ಅಷ್ಟೆ.